ನವಣಿಯ ಆರು ಪಟ್ಟಿ, ಒಂದು ಕೋರಾ ಹಾಳಿ

ಪಾಸಾದಳ್ರೀ! ನನ್ನ ಮೊಮ್ಮಗಳು ಪಾಸಾದಳು. ಮಧ್ಯಾಹ್ನ ಎರಡರ ಸುಮಾರಿಗೆ ಕಾಲೇಜಿನ ಆ ಎತ್ತರದ ಬಾಗಿಲಾ ತಕ್ಕೊಂಡು ಹೊರಗ ಬಂದಳು, ಬೇವಿನ ಗಿಡದ ಬುಡಕ್ಕ ಕುಂತಿದ್ದ ನನ್ನ ಕಡೆ ನೋಡಿ ಎರಡೂ ಕೈ ಮ್ಯಾಲೆತ್ತಿದಳು. ನನಗ ಅಷ್ಟು ಸಾಕಾತು. ಬರೇ ಪಾಸಾಗಿದ್ದಲ್ಲ. ನನ್ನ ಮಗಳ ಕೈಯಾಗ ಉಳಿದಿದ್ದ ನವಣಿ ಬ್ಯಾರೆ ತಳಿ, ಸುತ್ತಲಿನ ಯಾವ ಊರಿನ ನವಣಿಯಂಗೂ ಅದು ಇಲ್ಲ ಅಂತ ಒಳಗ ಕುಂತ ದೊಡ್ಡ ಮಂದಿ ಒಪ್ಪಿಕೊಂಡರು. ಎದ್ದು ಓಡಿದೆ. ಚಪ್ಪಲಿ ಗಿಡದ ಕೆಳಗ ಉಳದವು. ಅಂಗಾಲು ಸುಟ್ಟಿದ್ದು ಮನಿಗೆ ಬಂದು ಕಾಲಿಗೆ ನೀರು ಹಾಕ್ಕೊಂಡ ಮ್ಯಾಲೆ ಗೊತ್ತಾತು.

ಓಣ್ಯಾಗ ಒಂದು ಮನಿ ಬಿಡದಂಗ ಸಕ್ರಿ ಕೊಟ್ಟು ಬಂದೆ. ಎದುರುಮನಿಯಾಕಿ ಸಕ್ರಿ ಬಾಯಾಗ ಹಾಕ್ಕೊಂಡು, "ಏನಬೇ, ಸೊಸಿಗೆ ಏನರ ವಿಶೇಷ ಅದೇನು?" ಅಂದಳು. "ಮೊಮ್ಮಗಳಿಗೆ ಅದ. ನವಣಿ ಹಡದಾಳ" ಅಂದೆ. ಆಕಿ ನನ್ನ ಮಾರಿ ನೋಡೇ ನೋಡಿದಳು. ಮುದುಕಿಗೆ ಬಿಸಲು ಬಡದದ ಅಂತ ತಿಳಕೊಂಡಿರಬೇಕು. ತಿಳಕೊಳ್ಳಲಿ. ಇವತ್ತು ನನಗ ಯಾರ ಮಾತೂ ಹತ್ತಂಗಿಲ್ಲ.

ಆದರ ಸಂತೋಷ ಹೆಚ್ಚಾದಾಗೆಲ್ಲ ನನಗ ಎದಿಯಾಗ ಒಂದು ಕಡೆ ಹಿಡಕೋತದ. ಅದಕ್ಕ ಬರಿಯಾಕ ಕುಂತೀನಿ. ನಾನು ಓದಿದ್ದು ಎರಡನೇತ್ತ, ಎರಡೇ ಎರಡು ಕ್ಲಾಸು. ಅದೂ ನನ್ನ ತವರೂರು ಮಲ್ಲಟದಾಗ, ಗುಡಿಕಟ್ಟಿ ಮ್ಯಾಲೆ ನಡೀತಿದ್ದ ಶಾಲ್ಯಾಗ. ಉಳಿದ ಅಕ್ಷರ ಕಲಿಸಿದ್ದು ರಾಯಚೂರಿನ ಪ್ರೆಸ್ಸು. ಲಗ್ನ ಆಗಿ ಈ ಊರಿಗೆ ಬಂದೆ, ಈಗ ಇಲ್ಲದ ನನ್ನ ಗಂಡ ಹಮಾಲಿ ಮಾಡತಿದ್ದ, ನಾನು ಪ್ರೆಸ್ಸಿನ್ಯಾಗ ಹಾಳಿ ಮಡಚಾಕ ಹೋದೆ. ಇಪ್ಪತ್ತೆಂಟು ವರ್ಷ ಮಡಚಿದೆ. ಲಗ್ನಪತ್ರಿಕಿ, ಪಂಚಾಂಗ, ಶಾಲಿ ಮಕ್ಕಳ ನೋಟ್ಸು. ಅಚ್ಚಾದ ಹಾಳಿ ಮಡಚೋದು, ಒಂದರ ಹಿಂದ ಒಂದು ಹೊಂದಿಸೋದು, ದಾರ ಹಾಕಿ ಹೊಲಿಯೋದು, ಅಂಟು ಹಚ್ಚೋದು, ಕಡೀಗೆ ಅಂಚು ಸಮ ಕತ್ತರಿಸೋದು. ಹೊಂದಿಸುವಾಗ ನನ್ನ ಕೈಗೆ ಒಂದು ಕೆಲಸ ಅಂಟಿಕೊಂಡಿತ್ತು. ಮಶೀನು ಒಮ್ಮೊಮ್ಮೆ ಎರಡು ಹಾಳಿ ಕೂಡಿ ನುಂಗತದ, ಕೆಳಗಿಂದು ಏನೂ ಅಚ್ಚಾಗದ ಹಂಗ ಬಿಳೇದು ಬರತದ. ಅದಕ್ಕ ಕೋರಾ ಹಾಳಿ ಅಂತಿದ್ವಿ. ಅದು ಪುಸ್ತಕದಾಗ ಸೇರಿತು ಅಂದ್ರ ಸಾಹುಕಾರನ ಬಾಯಿ ತಡಿಯೋದಲ್ಲ. ಅದಕ್ಕ ಕಣ್ಣು ಮುಚ್ಚಿದರೂ ನನ್ನ ಬೆರಳಿಗೆ ಕೋರಾ ಹಾಳಿ ತಿಳೀತಿತ್ತು. ಮಸಿ ಕುಡಿದ ಹಾಳಿ ಬ್ಯಾರೆ, ಕುಡಿಯದ ಹಾಳಿ ಬ್ಯಾರೆ. ಟಕ್ಕನ ಎಳೆದು ಬಾಜೂಕ ಇಡತಿದ್ದೆ.

ಬಾಜೂಕ ಇಟ್ಟ ಹಾಳಿ ಮನಿಗೆ ಒಯ್ಯಾಕ ಸಾಹುಕಾರ ಏನೂ ಅಂತಿರಲಿಲ್ಲ. ಅವನ್ನೆಲ್ಲ ಕೂಡಿಸಿ, ಉಳಿದ ಲಗ್ನಪತ್ರಿಕಿಯ ದಪ್ಪ ಹಾಳಿ ಮ್ಯಾಲೆ ಹಾಕಿ, ಮಗಳಿಗೆ ನೋಟುಬುಕ್ಕು ಹೊಲಿದು ಕೊಡತಿದ್ದೆ. ಒಂದನೇತ್ತದಿಂದ ಆಕಿ ಬರದದ್ದು ಅದರಾಗ. ಅಂಗಡಿ ನೋಟುಬುಕ್ಕು ಆಕಿ ಕೈಲೆ ಮುಟ್ಟಲಿಲ್ಲ. ಗೆರಿ ಇಲ್ಲದ ಹಾಳಿ ಮ್ಯಾಲೆ ನೆಟ್ಟಗ ಬರಿಯೋದು ಕಲತಳು. "ನಮ್ಮವ್ವ ಮಾಡಿದ್ದು" ಅಂತ ಗೆಳತ್ಯಾರಿಗೆ ತೋರಸತಿದ್ದಳು. ಹೊದಿಕಿ ಮ್ಯಾಲೆ ಯಾರದೋ ಗಣಪತಿ, ಯಾರದೋ ಶುಭವಿವಾಹ.

ಒಂಬತ್ತನೇತ್ತದಾಗ ಇದ್ದಾಗ ಒಂದು ಲಗ್ನದ ಸೀಜನ್ನಿಗೆ ಪ್ರೆಸ್ಸಿನ್ಯಾಗ ಕೈ ಸಾಲದ ಆದವು. "ಹದಿನೈದು ದಿನ ಮಗಳನ್ನ ಕರಕೊಂಡು ಬಾರವ್ವ" ಅಂದ ಸಾಹುಕಾರ. ಕರಕೊಂಡು ಹೋದೆ. ಹದಿನೈದು ದಿನ ಮುಗದ ಮ್ಯಾಲೆ ಆಕಿ ಶಾಲಿಗೆ ಹೋಗತೀನಿ ಅಂದಳು. ನಾನು, "ಇನ್ನೊಂದು ವಾರ" ಅಂದೆ. ಆಮ್ಯಾಲೆ ಆಕಿ ಕೇಳಲಿಲ್ಲ. ನಾನೂ ಹೇಳಲಿಲ್ಲ. ಆಕಿ ಕೇಳದಿದ್ದದ್ದು ನನಗ ಆವಾಗ ಹಗುರ ಅನಿಸಿತ್ತು ನೋಡ್ರಿ. ಇವತ್ತಿಗೂ ಅದರ ಭಾರ ಹೊತಗೊಂಡು ತಿರಗತೀನಿ.

ಹದಿನೆಂಟಕ್ಕ ದೇವದುರ್ಗದ ಕಡೆ ಗೂಗಲ್‌ಗೆ ಕೊಟ್ವಿ. ಹೊಳಿ ದಂಡಿ ಊರು, ಅಳಿಯ ಒಳ್ಳೆಯವ. ಉಡಿ ತುಂಬುವಾಗ ನಮ್ಮವ್ವ ಮಲ್ಲಟದಿಂದ ಬಂದಿದ್ದಳು. ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿದ ಮ್ಯಾಲೆ ಸೀರಿ ಸೆರಗಿನ್ಯಾಗಿಂದ ಒಂದು ಗಂಟು ಬಿಚ್ಚಿ, ಒಂದು ಹಿಡಿ ನವಣಿನೂ ಹಾಕಿದಳು. "ಇದೇನಬೇ, ಉಡಿಯಾಗ ನವಣಿ?" ಅಂತ ಹೆಂಗಸರು ನಕ್ಕರು. "ಅಕ್ಕಿ ಉಂಡು ಖಾಲಿ ಮಾಡತೀರಿ. ಇದನ್ನ ಬಿತ್ತತಾಳ" ಅಂದಳು ನಮ್ಮವ್ವ. ಕಾಲುವಿ ನೀರು ಬಂದು ಮಲ್ಲಟದ ಹೊಲ ಎಲ್ಲಾ ನೆಲ್ಲಾಗಿತ್ತು ಆವಾಗ. ನಮ್ಮವ್ವನ ಹತ್ರ ಆ ನವಣಿ ಒಂದು ಗಡಿಗಿಯಷ್ಟು ಉಳದಿತ್ತು, ಅಷ್ಟೇ.

ಮಗಳು ಬಿತ್ತಿದಳು. ವರ್ಷಾ ತೊಗರಿ ಸಾಲಿನ ನಡುವ ಎರಡು ಸಾಲು. ತೆನಿ ಕೆಂಪಗ, ಬೆಕ್ಕಿನ ಬಾಲ ಬಾಗಿದಂಗ. ಪಂಚಮಿಗೆ ಬಂದಾಗ ನವಣಿ ಉಂಡಿ ಕಟಗೊಂಡು ಬರತಿದ್ದಳು. ಒಂದು ಹೆಣ್ಣುಕೂಸು ಆತು. ಕೂಸಿಗೆ ನಾಕು ವರ್ಷ ಇದ್ದಾಗ ಆಕಿಗೆ ಕಾಮಣಿ ಆತು. ಕಣ್ಣು, ಉಗುರು ಎಲ್ಲಾ ಅರಿಷಿಣ ಹಚ್ಚಿದಂಗ. ಗಿಡಮೂಲಿ ಕೊಟ್ಟರು, ಆಮ್ಯಾಲೆ ದವಾಖಾನಿಗೂ ಒಯ್ದರು. ನಾನು ಹೋಗೋದ್ರಾಗ ಮಾತು ನಿಂತಿತ್ತು. ಇದನ್ನ ಇನ್ನ ಬರಿಯೋದಿಲ್ಲ.

ಕೂಸನ್ನ ನಾನು ರಾಯಚೂರಿಗೆ ಕರಕೊಂಡು ಬಂದೆ. ಅಳಿಯ ಮತ್ತ ಲಗ್ನ ಆಗಲಿಲ್ಲ. ಎರಡು ಸಾಲು ನವಣಿ ಬಿತ್ತೋದೂ ಬಿಡಲಿಲ್ಲ. ಮೊಮ್ಮಗಳು ನನಗ 'ಯವ್ವಾ' ಅಂತಾಳ. ತಾಯಿ ಮಾತು ಬಂದಾಗ 'ನಮ್ಮವ್ವ' ಅಂತಾಳ, ಒಂದು ಥರ ಸಣ್ಣ ದನಿಲೆ. ಯಾರದೋ ವಸ್ತು ಮುಟ್ಟಿದಂಗ.

ಈಕಿನ ನಾನು ಯಾವ ಸೀಜನ್ನಿಗೂ ಎಲ್ಲಿಗೂ ಕರಕೊಂಡು ಹೋಗಲಿಲ್ಲ. ಓದಿದಳು, ಓದಿದಳು, ಬೀಜದ ಓದು ಓದಿದಳು. ಕಡೀಗೆ ಈ ಎರಡು ವರ್ಷ ಆರು ಊರಿನ ನವಣಿ ತಂದು ಅದರ ಒಳಗಿನ ಬರಹ ಓದಾಕತ್ತಿದ್ದಳು. ಕಲ್ಮಲದ್ದು ಒಂದು, ಮಲ್ಲಟದ್ದು ಒಂದು, ಹಿಂಗ ಐದು. ಮಲ್ಲಟದ್ದು ಈಗ ಅಂಗಡಿ ಬೀಜ ಅಂತ. ಆರನೇದು ಗೂಗಲ್ಲಿನ ಅವರಪ್ಪನ ಹೊಲದ್ದು, ಅಂದ್ರ ಅವರವ್ವನದು.

"ಬೀಜದಾಗ ಏನು ಬರದಿರತದ ಲೇ?" ಅಂತ ಕೇಳಿದೆ.

"ನಾಕ ಅಕ್ಷರ ಯವ್ವಾ. ಎ, ಟಿ, ಜಿ, ಸಿ. ಅವ ನಾಕ ತಿರುಗಿ ಮುರುಗಿ ಬರತಾವ."

"ನಾಕ ಅಕ್ಷರದಾಗ ಏನು ಪುಸ್ತಕ ಆಗತದ? ಲಗ್ನಪತ್ರಿಕಿನೂ ಆಗೋದಿಲ್ಲ."

"ಲಗ್ನಪತ್ರಿಕಿ ಓದವರನ್ನೂ ಅವ ನಾಕ ಅಕ್ಷರ ಮಾಡತಾವ. ನಿನ್ನೊಳಗೂ ಅದಾವ."

"ಅದಕ್ಕ ಎರಡನೇತ್ತಕ್ಕ ನಿಂತೆ ನೋಡು, ನಾಕ ಅದಾವ ಅಂತ" ಅಂದೆ. ಈಕಿ ಹೊಟ್ಟಿ ಹಿಡಕೊಂಡು ನಕ್ಕಳು.

ಕಂಪ್ಯೂಟರಿನ್ಯಾಗ ಅದಕ್ಕಂತಲೇ ಒಂದು ಸಾಫ್ಟ್‌ವೇರ್ ಅದ. ಆರೂ ನವಣಿಯ ಅಕ್ಷರ ಒಂದರ ಕೆಳಗ ಒಂದು ನಿಲ್ಲಿಸಿ, ಹೋಲಿಸಿ, ಅಕ್ಷರಕ್ಕೊಂದು ಬಣ್ಣ ಹಚ್ಚಿ ತೋರಸತದ. ಹಸಿರು, ಕೆಂಪು, ಹಳದಿ, ನೀಲಿ. ನೋಡಾಕ ಇಳಕಲ್ ಸೀರಿ ದಡಿ ಬಿಚ್ಚಿದಂಗ. ಆದರ ಪರದೆ ಮ್ಯಾಲೆ ಒಂದು ಸಲಕ್ಕ ಒಂದು ಗೇಣು ಅಷ್ಟ ಕಾಣತದ, ಪೂರಾ ಕಾಣಬೇಕಂದ್ರ ಅಚ್ಚು ಹಾಕಿ ಗ್ವಾಡಿಗೆ ತೂಗಹಾಕಬೇಕು. ಪರೀಕ್ಷಿ ಮಾಡವರು ಹೊರಗಿಂದ ಬರತಾರ, ಅವರ ಮುಂದ ಆರೂ ಪಟ್ಟಿ ತೂಗಹಾಕಿ ಬಾಯಿಲೆ ಉತ್ತರ ಹೇಳಬೇಕು. ಅವರು ಒಪ್ಪಿದರ ಪಾಸು. ಒಪ್ಪಲಿಲ್ಲ ಅಂದ್ರ ಮತ್ತ ಒಂದು ವರ್ಷ, ಮತ್ತ ಮೊದಲಿಂದ. ಅದಕಿಂತ ಈಕಿಗೆ ಒಂದೇ ಚಿಂತಿ. ಅವರವ್ವನ ನವಣಿ ಬ್ಯಾರೆ ಅಂತ ಅವರು ಒಪ್ಪಬೇಕು.

ಪರೀಕ್ಷಿ ಹಿಂದಿನ ದಿನ ಮುಂಜಾನೆ ಇಬ್ಬರೂ ಪ್ರಿಂಟಿನ ಅಂಗಡಿಗೆ ಹೋದ್ವಿ. ಅಂಗಡಿಯವ ನನಗ ಗೊತ್ತಿದ್ದವ. ಅವರಪ್ಪ ನಮ್ಮ ಪ್ರೆಸ್ಸಿನ್ಯಾಗ ಕಾಲಿಲೆ ತುಳಿಯೋ ಮಶೀನು ಓಡಸತಿದ್ದ. ಈ ಹುಡುಗ ತೊಡಿ ಮ್ಯಾಲೆ ಕಂಪ್ಯೂಟರ್ ಇಟಗೊಂಡು ಕುಂತ ಮೊಮ್ಮಗಳ ಪರದೆ ನೋಡಿ, "ಏನ್ರೀ ಮ್ಯಾಡಂ, ಕೀಬೋರ್ಡಿನ ಮ್ಯಾಲೆ ಬೆಕ್ಕು ಕುಣದದೇನ್ರಿ?" ಅಂದ.

"ಇದು ನವಣಿ" ಅಂದೆ ನಾನು, ಎದಿ ಉಬ್ಬಿಸಿ.

"ಅರೇ ಅಮ್ಮಾ, ನವಣಿ ಅಂಗಡಿ ಬಾಜೂಕ ಅದ, ಇದು ಝೆರಾಕ್ಸು."

ಮೊದಲನೇ ಸಲ ಕೊಟ್ಟಾಗ ಎಲ್ಲಾ ಒಂದೇ ಹಾಳಿ ಮ್ಯಾಲೆ ಬಂತು, ಇರುವಿ ಸಾಲು ಹೋದಂಗ, ಕಣ್ಣಿಗೆ ಏನೂ ಹತ್ತಲಿಲ್ಲ. ಎರಡನೇ ಸಲ ಅಕ್ಷರ ದೊಡ್ಡವಾದವು, ಬಣ್ಣ ಹೋತು. ನಾಕೂ ಅಕ್ಷರ ಬೂದಿ ಬೂದಿ. ಅಂಗಡಿಯವ ಕರೇ ಮಸಿ ಮಶೀನಿಗೆ ಕಳಿಸಿಬಿಟ್ಟಿದ್ದ. ಮೂರನೇ ಸಲಕ್ಕ ಬಣ್ಣದ ಮಶೀನು, ಹಾಳಿ ಅಡ್ಡ ಹಾಕಿ, ಒಂದೊಂದು ನವಣಿಗೆ ಒಂದೊಂದು ಪಟ್ಟಿ ಬರೋ ಹಂಗ ಮೊಮ್ಮಗಳು ಸಾಫ್ಟ್‌ವೇರಿಗೆ ಹೇಳಿದಳು. ಆವಾಗ ಬಂದವು ನೋಡ್ರಿ! ಒಂದು ನವಣಿಗೆ ಏಳು ಹಾಳಿ. ಅಕ್ಷರ ಬಟ್ಟಿನಷ್ಟು ದಪ್ಪ, ಬಣ್ಣ ಥಳಥಳ. ಹಸಿ ಮಸಿ ವಾಸನಿ ಬಂದು ನನಗ ನನ್ನ ಹಳೇ ಕಾಲ ಎಲ್ಲಾ ಎದ್ದು ಬಂತು.

ಗೂಗಲ್ಲಿನದು ಕಡೀಗೆ ಇತ್ತು. ಅದು ಬರುವಾಗ ಮಶೀನು ಗುರ್ ಅಂದು, ಬಣ್ಣ ಒಂಚೂರು ತೆಳುವಾತು. ಹೆಂಗೋ ಏಳೂ ಹಾಳಿ ಬಂದವು. ಅಂಗಡಿಯವ ಮುಚ್ಚಳ ತೆಗೆದು ನೋಡಿ ಕೈ ಝಾಡಿಸಿದ. "ಕಲರ್ ಖತಂ ಅಮ್ಮಾ. ನಾಳೆ ಸಂಜಿಮಟ ಬರಂಗಿಲ್ಲ." ನಮ್ಮ ಕೆಲಸ ಮುಗದಿತ್ತಲ್ಲ, ನಕ್ಕೊಂತ ಬಂದ್ವಿ.

ಮನಿಗೆ ಬಂದು ಮೊಮ್ಮಗಳು ಆರು ಗುಂಪು ಮಾಡಿ ನನ್ನ ಮುಂದ ಇಟ್ಟಳು. "ಯವ್ವಾ, ನೀ ಇದ್ದಾಗ ಟೇಪ್ ಯಾಕ? ನೀನ ಅಂಟಿಸು. ಕೂಡಿದ್ದು ಎಲ್ಲಿ ಅಂತ ಗೊತ್ತಾಗಬಾರದು ನೋಡು."

"ನನಗ ಹೇಳಾಕ ಬರತಿಯೇನ ಲೇ? ನೀ ಹುಟ್ಟೋಕಿಂತ ಮೊದಲ ಇಡೀ ರಾಯಚೂರು ಜಿಲ್ಲೆಯ ಲಗ್ನ ಅಂಟಿಸೀನಿ."

ಆಕಿ ಗುರುಗಳ ಸಹಿ ತರಾಕ ಕಾಲೇಜಿಗೆ ಹೋದಳು. ನಾನು ಮೈದಾಹಿಟ್ಟು ಕುದಿಸಿ, ಹುಳ ಹತ್ತಬಾರದು ಅಂತ ಚಿಟಿಕಿ ಮೈಲುತುತ್ತ ಹಾಕಿ ಅಂಟು ಮಾಡಿದೆ. ಎಷ್ಟೋ ವರ್ಷಕ್ಕ ಕೈ ಕೆಲಸಕ್ಕ ಇಳದಿತ್ತು. ಒಂದನೇ ಪಟ್ಟಿ, ಎರಡನೇ ಪಟ್ಟಿ. ಅಕ್ಷರಕ್ಕ ಅಕ್ಷರ ಕೂಡಿಸಿ, ಮರದ ಪಟ್ಟಿಲೆ ಒತ್ತಿ, ಬಿಚ್ಚಿ ಹಾಸಿದರ ನಡುಮನಿ ಆ ಗ್ವಾಡಿಯಿಂದ ಈ ಗ್ವಾಡಿಮಟ. ಆರನೇ ಗುಂಪು ಎತ್ತಿಕೊಂಡೆ. ಮೂರು ಹಾಳಿ ಆದ ಮ್ಯಾಲೆ ನಾಕನೇದು ಬೆರಳಿಗೆ ಬಂತು. ಕೋರಾ! ಮಸಿ ಕುಡಿದಿಲ್ಲ. ಕಣ್ಣಿನ ಹತ್ರ ಹಿಡದು ನೋಡಿದೆ, ಬಿಳೇ ಬಿಳುಪು. ಬಣ್ಣ ತೀರಿದ ಮಶೀನು ಒಂದು ಹಾಳಿ ನುಂಗ್ಯದ ಅನಕೊಂಡೆ. ಟಕ್ಕನ ಎಳೆದು ಬಾಜೂಕ ಇಟ್ಟೆ. ಮೂರನೇದಕ್ಕ ಐದನೇದು ಅಂಟಿಸಿದೆ.

ಹಾಸಿ ನೋಡಿದರ ಈ ಪಟ್ಟಿ ಐದಕ್ಕಿಂತ ಒಂದು ಹಾಳಿ ಗಿಡ್ಡ. ಕೈ ಒಂದು ಸಲ ನಿಂತಿತು, ಸುಳ್ಳು ಹೇಳೋದಿಲ್ಲ. ಫೋನ್ ಮಾಡಿ ಕೇಳಬೇಕಿತ್ತು. ಆದರ ಪ್ರೆಸ್ಸಿನ್ಯಾಗ ಕಡೀ ಹಾಳಿ ಯಾವಾಗಲೂ ಹೆಚ್ಚಿಗಿ ಬರತಿದ್ದವು, ಹೆಚ್ಚಾದದ್ದು ಕತ್ತರಿಸೋದ ನಮ್ಮ ಕೆಲಸ. ಅಂಚು ಸಮ ಇಲ್ಲದ್ದು ಕೊಟ್ಟರ ನನ್ನ ಹೆಸರಿಗೆ ಮಸಿ. ದೊಡ್ಡ ಮಂದಿ ಮುಂದ ತೂಗಹಾಕಿದಾಗ ನನ್ನ ಮಗಳ ನವಣಿ ಒಂದ ಗಿಡ್ಡ ಕಾಣಬಾರದು ಅನಿಸಿತು. ಅಳತಿಪಟ್ಟಿ ಇಟ್ಟು, ಬ್ಲೇಡು ಹಿಡದು, ಐದೂ ಪಟ್ಟಿಯ ಬಾಲ ಕತ್ತರಿಸಿದೆ. ಆರೂ ಸಮ ಆದವು. ಎಷ್ಟು ಚೆಂದ ಕಂಡವು ಅಂತೀರಿ!

ಮೂರು ಗಂಟಿಗೆ ಮೊಮ್ಮಗಳು ಬಂದಳು. ಬಾಗಲದಾಗ ನಿಂತು, "ಯವ್ವಾ! ಏನು ಕೈ ಅದಬೇ ನಿಂದು!" ಅಂದಳು. ಮೊಣಕಾಲೂರಿ ಕುಂತು, ಅವರವ್ವನ ಪಟ್ಟಿ ಮ್ಯಾಲೆ ಬೆರಳು ಆಡಿಸಿಕೋತ ಹೋದಳು. ನಡುವ ನಿಂತಳು. ಹಿಂದಕ್ಕ ಬಂದಳು. ಎಣಿಸಿದಳು.

"ಯವ್ವಾ, ಇದರಾಗ ಆರ ಹಾಳಿ ಅದಾವ."

"ಏಳು ಇದ್ದವು. ಒಂದು ಕೋರಾ ಬಂದಿತ್ತು, ತಗದೆ" ಅಂದೆ, ಶಾಬಾಸ್ ಅಂತಾಳ ಅಂತ.

"ತಗದಿ?"

"ಮತ್ತ? ಕೋರಾ ಹಾಳಿ ಇಟ್ಟರ ಮಂದಿ ನಗತಾರ."

"ಹಂಗಾರ ಉಳಿದ ಐದು ಹೆಂಗ ಇದರ ಸಮ ಆದವು?"

"ಕತ್ತರಿಸಿದೆ."

ಆಕಿ ಮಾರಿ ನೋಡಿದೆ. ಆ ಮಾರಿ ನಾನು ಒಮ್ಮೆ ನೋಡಿದ್ದೆ, ನಾಕು ವರ್ಷದ ಕೂಸಿದ್ದಾಗ, ಗೂಗಲ್ಲಿನ ಆ ಅಂಗಳದಾಗ.

"ಅದ ನನ್ನ ಓದು ಯವ್ವಾ! ಆ ಖಾಲಿನ ನನ್ನ ಎರಡು ವರ್ಷ! ಐದೂ ನವಣ್ಯಾಗ ಇರೋ ಒಂದು ತುಂಡು ನಮ್ಮವ್ವನ ನವಣ್ಯಾಗ ಇಲ್ಲ. ಅದು ಇಲ್ಲ ಅಂತ ತೋರಸಾಕ ಅಲ್ಲಿ ಜಾಗ ಬಿಡಬೇಕು. ಜಾಗ ಬಿಟ್ಟರ ಮುಂದಿನ ಅಕ್ಷರ ಎಲ್ಲಾ ಉಳಿದವರ ಅಕ್ಷರದ ಕೆಳಗ ಸರಿಯಾಗಿ ನಿಲ್ಲತಾವ. ನೀ ಮುಚ್ಚಿಬಿಟ್ಟಿ. ಈಗ ನೋಡು, ಇಲ್ಲಿಂದ ಮುಂದ ಒಂದೂ ಕೂಡೋದಿಲ್ಲ. ನಾಳೆ ಹತ್ತಕ್ಕ ಪರೀಕ್ಷಿ, ಅಂಗಡ್ಯಾಗ ಬಣ್ಣ ಇಲ್ಲ..." ನನ್ನ ಕಡೆ ತಿರುಗಿದಳು. "ನಿನಗ ಎಲ್ಲಾದಕ್ಕೂ ಕತ್ತರಿನ ಬೇಕು. ನಮ್ಮವ್ವನ ಶಾಲಿನೂ ಹಿಂಗ ಕತ್ತರಿಸಿದಿ ಅಂತಲ್ಲ."

ಅಂದ ಮ್ಯಾಲೆ ಆಕಿನ ಬಾಯಿ ಮುಚ್ಚಿಕೊಂಡಳು. ಅವರಪ್ಪ ಹೇಳಿರಬೇಕು. ಸುಳ್ಳೇನು ಹೇಳಿಲ್ಲ ಅವನು. ನನಗ ಸಿಟ್ಟು ಬರಲಿಲ್ಲ. ಇಷ್ಟು ವರ್ಷ ಯಾರೋ ಒಬ್ಬರು ಅನ್ನಲಿ ಅಂತ ಕಾಯ್ದಂಗ ಇತ್ತು. ಅನ್ನಬೇಕಾದಾಕಿ ಅನ್ನದ ಹೋದಳು.

"ಹಾಳಿ ಎಲ್ಲಿ ಹಾಕಿದಿ ಯವ್ವಾ? ಒಲಿಗೆ ಹಾಕಿಲ್ಲಲ್ಲ?" ಅಂದಳು, ಮೆತ್ತಗ.

"ಕೋರಾ ಹಾಳಿ ಒಲಿಗೆ ಹಾಕವಳೇನ ನಾನು?"

ಎದ್ದು ಹೋಗಿ ತಗಡಿನ ಪೆಟ್ಟಿಗಿ ಎಳಕೊಂಡು ಬಂದೆ. ಈ ಪೆಟ್ಟಿಗಿ ನಾನು ಯಾರ ಮುಂದೂ ತೆಗದಿರಲಿಲ್ಲ. ಇಷ್ಟು ವರ್ಷ ಆದರೂ ಕೈಗೆ ಸಿಕ್ಕ ಬಿಳೇ ಹಾಳಿ, ಬ್ಯಾಂಕಿನ ಚೀಟಿ ಹಿಂಬದಿ ಆಗಲಿ, ದವಾಖಾನಿ ಕಾಗದ ಆಗಲಿ, ಎಲ್ಲಾ ಅದರಾಗ ಹಾಕತಿದ್ದೆ. ಯಾರಿಗೆ ಅಂತ ಕೇಳಿದರ ಹೇಳಾಕ ಬರತಿರಲಿಲ್ಲ. ನಿನ್ನೆನೂ ಅಂಟು ಆರೋದರಾಗ ಹೋಗಿ ಆ ಹಾಳಿ ಅದರಾಗ ಇಟ್ಟು ಬಂದಿದ್ದೆ.

ಮೊಮ್ಮಗಳು ಹಾಳಿ ಎತ್ತಿ ಬೆಳಕಿಗೆ ಹಿಡದಳು. "ನೋಡು, ಗೆರಿ ಅದಾವ." ಕನ್ನಡಕ ಹಾಕ್ಕೊಂಡು ನೋಡಿದೆ. ಅದಾವ. ತೆಳ್ಳಗ, ಬೂದಿ ಬಣ್ಣದ ಸಣ್ಣ ಸಣ್ಣ ಗೆರಿ, ಒಂದೊಂದು ಅಕ್ಷರದ ಜಾಗಕ್ಕ ಒಂದೊಂದು. ಬಣ್ಣ ತೀರಿತ್ತಲ್ಲ, ಇದ್ದೂ ಇಲ್ಲದಂಗ ಬಿದ್ದಿದ್ದವು.

ಆಮ್ಯಾಲೆ ಆಕಿ ಕಣ್ಣು ಹಾಳಿಯ ಕೆಳಗ ಇದ್ದದ್ದರ ಮ್ಯಾಲೆ ಬಿತ್ತು. ಶುಭವಿವಾಹದ ಹೊದಿಕಿಯ ನೋಟುಬುಕ್ಕು. "ಇದು..." ಅಂದಳು. ನಾನು ಹೌದಂತ ತಲಿ ಹಾಕಿದೆ. ಅವರವ್ವನ ಅಕ್ಷರ ಈಕಿ ಅಲ್ಲಿಮಟ ನೋಡಿರಲಿಲ್ಲ. ನಾನು ತೋರಿಸಿರಲಿಲ್ಲ. ತೋರಿಸಿದರ ಅರ್ಧಕ್ಕ ನಿಂತದ್ದೂ ಕಾಣತದಲ್ಲ. ಒಂದೊಂದ ಹಾಳಿ ತಿರುವಿದಳು. ಗೆರಿ ಇಲ್ಲದ ಹಾಳಿ ಮ್ಯಾಲೆ ನೆಟ್ಟಗ ಬರದ ಅಕ್ಷರ. ಕಡೀ ಹಾಳ್ಯಾಗ ನದಿಗಳ ಹೆಸರು ಬರಿಯಾಕ ಹತ್ತಿದ್ದಳು. ಕೃಷ್ಣಾ, ತುಂಗಭದ್ರಾ, ಮೂರನೇದು 'ಭೀ' ಅಂತ ಬರದು ಬಿಟ್ಟಿದ್ದಳು. ಯಾಕ ಬಿಟ್ಟಳು ಅಂತ ನನಗ ಗೊತ್ತು. "ಬಾ, ಹೊತ್ತಾತು, ಸಾಹುಕಾರ ಕಾಯತಾನ" ಅಂತ ಬಾಗಲದಾಗ ನಿಂತು ಕರದಾಕಿ ನಾನ.

ಅಲ್ಲಿಂದ ಮುಂದ ಎಲ್ಲಾ ಬಿಳೇ ಹಾಳಿ. ಮೊಮ್ಮಗಳು ಮುಚ್ಚಿ ಇಡಲಿಲ್ಲ. ಆ ಬಿಳೇ ಹಾಳಿನೂ ಒಂದೊಂದ, ಒಂದೊಂದ, ಎರಡು ಕೂಡಿ ಹೋಗದಂಗ ತಿರುವಿದಳು, ಕಡೀ ಹೊದಿಕಿ ಬರೋಮಟ. ಆಮ್ಯಾಲೆ ಸೆರಗಿನಿಂದ ನನ್ನ ಮಾರಿ ಒರಸಿದಳು. ಅಳಾಕತ್ತೀನಿ ಅಂತ ನನಗ ಆವಾಗ ತಿಳೀತು.

"ಅಂಟು ಉಳದದೇನಬೇ?"

"ಉಳದದ."

"ಕತ್ತರಿಸಿದ ತುಂಡು?"

"ಬೈಂಡರು ತುಂಡು ಒಗಿಯೋದಿಲ್ಲ ಲೇ."

ಹೊತ್ತು ಮುಳುಗೋದರಾಗ ಎಲ್ಲಾ ಮೊದಲಿನಂಗ ಮಾಡಿದ್ವಿ. ಆರನೇ ಪಟ್ಟಿ ನೀರ ಕೈ ಹಚ್ಚಿ ಬಿಡಿಸಿ, ಬಿಳೇ ಹಾಳಿ ನಡುವ ಕೂಡಿಸಿದೆ. ಐದರ ಬಾಲಕ್ಕೂ ಹಿಂದಿಂದ ಗಾಳಿಪಟದ ತೆಳು ಹಾಳಿ ಹಚ್ಚಿ ಅಂಟಿಸಿದೆ. ಕೂಡಿದ್ದು ಗೊತ್ತಾಗಬಾರದು ಅಂದಿದ್ದಳಲ್ಲ, ಐದೂ ಕಡೆ ಗೊತ್ತಾಗತಿತ್ತು. ಬಿಳೇ ಹಾಳಿ ಮ್ಯಾಲಿನ ಗೆರಿ ಮಾಸಿದ್ದವು ಅಂತ ಮೊಮ್ಮಗಳು ಪೆನ್ಸಿಲ್ ತಗೊಂಡು ಒಂದೊಂದನ್ನ ತಿದ್ದಿದಳು. ಅಳತಿಪಟ್ಟಿ ಸರಿಯದಂಗ ನಾನು ಹಿಡಕೊಂಡಿದ್ದೆ.

ಇವತ್ತು ಒಳಗ ಏನು ನಡೀತು ಅಂತ ಆಕಿ ಆಟೋದಾಗ ಹೇಳಿದಳು. ಆಟೋ ನನ್ನ ಮಗಂದ, ಅವನೂ ಕಿವಿ ಹಿಂದಕ್ಕ ಇಟ್ಟ ಓಡಿಸಿದ. ಹೊರಗಿಂದ ಬಂದವರು ವಯಸ್ಸಾದವರಂತ. ಆರೂ ಪಟ್ಟಿ ಮುಂದ ಅಡ್ಡಾಡಿ, ಆರನೇದರ ಮುಂದ ನಿಂತು, ಬಿಳೇ ಹಾಳಿ ಮ್ಯಾಲೆ ಬೆರಳಿಟ್ಟು ಕೇಳಿದರಂತ: "ಇದು ನಿಜವಾಗಲೂ ಖಾಲಿ ಅಂತ ಹೆಂಗ ನಂಬೋದು? ಮಶೀನಿನ ತಪ್ಪಿರಬಹುದಲ್ಲ?"

"ನಿನ್ನೆ ನಮ್ಮ ಮನ್ಯಾಗೂ ಇದ ಮಾತು ಬಂತು ಸರ್" ಅಂದಳಂತ ಈಕಿ. ಅವರು ನಕ್ಕರಂತ. ಆಮ್ಯಾಲೆ ಈಕಿ ಸಾವಕಾಶ ಹೇಳಿದಳಂತ, ಒಂದೇ ಗಿಡ ನಂಬಿಲ್ಲ, ಬ್ಯಾರೆ ಬ್ಯಾರೆ ವರ್ಷದ ಮೂರು ಗಿಡ ತಗೊಂಡು ಮೂರು ಸಲ ಓದೀನಿ, ಮೂರೂ ಸಲ ಅದೇ ಜಾಗ, ಅಷ್ಟೇ ಖಾಲಿ ಅಂತ. ಮೂರೂ ಸಲದ್ದು ತಗದು ತೋರಿಸಿದಳಂತ. ಅವರು ಭಾಳ ಹೊತ್ತು ನೋಡಿ, "ಹಂಗಾರ ಇದು ಬ್ಯಾರೆ ತಳಿನ" ಅಂದರಂತ. ಹೋಗುವಾಗ ತೇಪಿ ಮುಟ್ಟಿ, "ಇದು ಯಾರ ಕೈ ಕೆಲಸ?" ಅಂತ ಕೇಳಿದರಂತ.

"ಏನು ಹೇಳಿದಿ?" ಅಂದೆ.

"ನಮ್ಮ ಯವ್ವಂದು ಅಂದೆ."

"ಕತ್ತರಿಸಿದ್ದು ಹೇಳಲಿಲ್ಲಲ್ಲ?"

"ಅದನ್ನ ಯಾಕ ಹೇಳಲಿ? ಅದು ಮನಿ ಮಾತು."

ಸಂಜಿಗೆ ಅಳಿಯ ದೇವದುರ್ಗದ ಬಸ್ಸಿಗೆ ಬಂದಿಳದ, ಹೆಗಲ ಮ್ಯಾಲೆ ಒಂದು ಗಂಟು ನವಣಿ. ಮಾತು ಕಮ್ಮಿ ಅವನದು. "ಆತಂತಲ್ಲ?" ಅಂದ. "ಆತಪ್ಪ" ಅಂದಳು ಮೊಮ್ಮಗಳು. ಟವೆಲ್ ತಗೊಂಡು ಮಾರಿ ಒರಸಿಕೊಂಡ, ಭಾಳ ಹೊತ್ತು ಒರಸಿಕೊಂಡ. "ಬಸ್ಸಿನ್ಯಾಗ ಧೂಳು" ಅಂದ.

ಸೊಸಿ ನವಣಿ ಅನ್ನ ಮಾಡಿದಳು, ಪುಂಡಿಪಲ್ಯ, ಜ್ವಾಳದ ರೊಟ್ಟಿ, ಶೇಂಗಾ ಹಿಂಡಿ. ಬೆಲ್ಲ ಹಾಕಿ ನವಣಿ ಉಂಡಿ ನಾನ ಕಟ್ಟಿದೆ. ನಡುಮನ್ಯಾಗ ಸಾಲಾಗಿ ತಾಟು ಹಾಕಿದ್ವಿ, ನಿನ್ನೆ ಪಟ್ಟಿ ಹಾಸಿದ ಜಾಗದಾಗ. ನಾವು ಐದು ಮಂದಿ. ನಾನು ಮಗಳನ್ನೂ ಎಣಿಸಿ ಆರು ತಾಟು ತಂದಿದ್ದೆ. ಖುಷಿ ಆದಾಗ ನನ್ನ ಕೈ ಇದೊಂದು ತಪ್ಪು ಇನ್ನೂ ಮಾಡತದ. ಇಷ್ಟು ವರ್ಷ ಯಾರೂ ನೋಡೋಕಿಂತ ಮೊದಲ ಎತ್ತಿ ಇಟ್ಟುಬಿಡತಿದ್ದೆ. ಇವತ್ತು ಸೊಸಿ ನೋಡಿದಳು, ಎತ್ತಾಕ ಬಗ್ಗಿದಳು, ನನ್ನ ಮಗ ಆ ಕಡೆ ಸರಿಯಾಕ ಹೋದ.

"ತಾಟು ಬೇಕಾರ ತಗಿ ಅತ್ತಿ" ಅಂದಳು ಮೊಮ್ಮಗಳು. "ಮಾವಾ, ನೀ ಸರಿಬ್ಯಾಡ. ಜಾಗ ಹಂಗ ಇರಲಿ."

ಸೊಸಿ ತಾಟು ಎತ್ತಿದಳು. ಅಳಿಯ ಬಾಜೂಕಿನ ಆ ಖಾಲಿ ಜಾಗ ನೋಡಿ, ಆಮ್ಯಾಲೆ ತನ್ನ ತಾಟು ನೋಡಿದ. ನೀರಿನ ಚೆರಿಗಿ ಇಡಾಕ ಎಲ್ಲೂ ಜಾಗ ಇರಲಿಲ್ಲ ಅಂತ ನನ್ನ ಮಗ ಅದನ್ನ ತಂದು ಅಲ್ಲೇ ಇಟ್ಟ. ಊಟದ ಪೂರಾ ಒಬ್ಬರಾದ ಮ್ಯಾಲೆ ಒಬ್ಬರು ಅದಕ್ಕ ಕೈ ಚಾಚಿದ್ವಿ. ಉಂಡಿ ಎರಡನೇ ಸಲ ಬಡಿಸುವಾಗ ಅಳಿಯ, "ಬೆಲ್ಲ ಒಂಚೂರು ಹೆಚ್ಚಾಗ್ಯದತ್ತೀ" ಅಂದ. "ಇವತ್ತು ಹೆಚ್ಚ ಆಗಲಿ, ತಿನ್ನೋ" ಅಂದೆ. ಎಲ್ಲಾರೂ ತಿಂದರು.